ಹಗೇವದ ಕಾಳು, ಬಿತ್ತುವ ಕಾಳು

ಕರಿಕಲ್ಲನಾಳದ ಮಠಕ್ಕೆ ಗೋಪುರವಿಲ್ಲ, ಬೆಳ್ಳಿಯ ಬಾಗಿಲಿಲ್ಲ. ಆದರೆ ಪರಮಪೂಜ್ಯ ಶ್ರೀ ನಿರುಪಾದಿ ಮಹಾಸ್ವಾಮಿಗಳು ಐವತ್ತು ವರ್ಷ ನಡೆದಾಡಿದ ಮಣ್ಣು ಅದು. ಸುತ್ತಲಿನ ಹನ್ನೆರಡು ಹಳ್ಳಿಯವರು ಏನೇ ಹೇಳಿಕೊಳ್ಳಲಿ, ಆ ಭಾಗ್ಯ ದಕ್ಕಿದ್ದು ನಮ್ಮೂರಿಗೇ; ಅದರಲ್ಲಿ ವಾದಕ್ಕೆ ಜಾಗವಿಲ್ಲ. ಬೇರೆ ಕಡೆ ಸ್ವಾಮಿಗಳು ಗಾದಿಯ ಮೇಲೆ ಕುಳಿತು ದರ್ಶನ ಕೊಡುತ್ತಾರೆ. ನಮ್ಮ ಅಜ್ಜನವರ ದರ್ಶನ ಬೇಕೆಂದರೆ ಸುಗ್ಗಿಯ ದಿನಗಳಲ್ಲಿ ಹಗೇವದ ಬಾಯಿಗೆ ಬಗ್ಗಿ ನೋಡಬೇಕಾಗುತ್ತಿತ್ತು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಆಳವಾದ ಗುಂಡಿಯೇ ಹಗೇವು. ಪೂಜ್ಯರು ತಾವೇ ಅದರೊಳಗಿಳಿದು, ಗೋಡೆಗೆ ಜೋಳದ ಒಣ ದಂಟು, ಅಂದರೆ ಕಣಿಕೆಯನ್ನು ಒತ್ತಿ ಒತ್ತಿ ಹೊಂದಿಸುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ಗುರುಲಿಂಗಪ್ಪ ಬಂದ. ಪೋಸ್ಟ್‌ಮಾಸ್ತರನಾಗಿ ನಿವೃತ್ತನಾದವನು. ಊರ ಮಗನೇ, ಆದರೆ ಹದಿನೆಂಟಕ್ಕೇ ನೌಕರಿ ಹಿಡಿದು ಊರು ಬಿಟ್ಟಿದ್ದ. ಹಗೇವವನ್ನು ಕಂಡಿದ್ದನೇ ಹೊರತು ಅದಕ್ಕೆ ಕೈ ಹಚ್ಚಿದವನಲ್ಲ. ಈಗ ಊರಿಗೆ ಮರಳಿ, ಜಿಲ್ಲಾ ಪಟ್ಟಣದ ಒಂದು ಫೈನಾನ್ಸ್ ಕಂಪನಿಗೆ ಮಂದಿಯ ಠೇವಣಿ ತರುವ ಕೆಲಸ ಹಿಡಿದಿದ್ದ; ಮನೆಯವರ ಹೊರತು ಊರಲ್ಲಿ ಇನ್ನೂ ಯಾರೂ ಕೊಟ್ಟಿರಲಿಲ್ಲ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಅವನ ತಂಗಿ ನೀಲವ್ವನಿಗೆ ಗಂಡ ತೀರಿದ ಮೇಲೆ ಬಂದ ತೊಂಬತ್ತು ಸಾವಿರ ಪೋಸ್ಟಿನಲ್ಲಿತ್ತು. ಅದನ್ನು ತಾನೇ ಬಿಡಿಸಿ ಕಂಪನಿಗೆ ಹಾಕಿದ್ದನ್ನು ಬಿರುದಿನಂತೆ ಹೇಳಿಕೊಳ್ಳುತ್ತಿದ್ದ. ಸ್ವಂತ ತಂಗಿಯ ಹಣವನ್ನೇ ಇಟ್ಟಿರುವಾಗ ಮಠದ ದಾಸೋಹದ ಹಣಕ್ಕೇನು ಭಯ ಎಂಬುದು ಅವನ ವಾದ.

“ಬುದ್ಧಿ, ಕಾಳು ಮಣ್ಣಾಗ ಹುಗದಿಟ್ಟರ ಹೆಚ್ಚಾಗೂದಿಲ್ಲ. ರೊಕ್ಕಾನೂ ಹಂಗ. ನಮ್ಮ ಕಂಪನಿಯೊಳಗ ಭದ್ರಾನೂ ಐತಿ, ಬಡ್ಡೀನೂ ಐತಿ.”

ಮೇಲೆ ಕುಳಿತು ಕಣಿಕೆ ಇಳಿಸುತ್ತಿದ್ದ ಮುದುಕಿ ಸಾವಂತ್ರವ್ವ ಸುಮ್ಮನಿರುವವಳಲ್ಲ. “ಒದಿಯೂದಿಲ್ಲ, ಮೇವು ಕೇಳೂದಿಲ್ಲ, ಹೊತ್ತಿಗೆ ತಂಬಿಗಿ ತುಂಬ ಹಾಲು ಕೊಡತೈತಿ. ಅಂಥ ಎಮ್ಮಿ ಎಲ್ಲಿ ಸಿಕ್ಕಿತೋ ಮಾಸ್ತರ? ನನಗೂ ಒಂದು ಹಿಡಕೊಂಡು ಬಾ.”

ಪೂಜ್ಯರು ಮೇಲೆ ಬಂದು ಮೈಮೇಲಿನ ಧೂಳು ಕೊಡವಿಕೊಂಡರು. ಎರಡು ಬಟ್ಟೆಯ ಚೂರು ತರಿಸಿದರು. ಒಂದರಲ್ಲಿ ಹಿಂದಿನ ವರ್ಷದ ಹಗೇವದ ಜೋಳ ಒಂದು ಹಿಡಿ. ಇನ್ನೊಂದರಲ್ಲಿ ಬೂದಿ ಬೆರೆಸಿ ಗಡಿಗೆಯಲ್ಲಿಟ್ಟ ಬಿತ್ತನೆಯ ಜೋಳ ಒಂದು ಹಿಡಿ. ಎರಡನ್ನೂ ಗಂಟು ಕಟ್ಟಿ, ತೋಯಿಸಿ ಅವನ ಕೈಗಿತ್ತರು. ನಾಲ್ಕು ದಿನ ನೀರು ಚಿಮುಕಿಸಿ ತರಬೇಕೆಂದರು. ಅಜ್ಜನವರ ಮನಸ್ಸು ಗೆಲ್ಲಲು ಇದೊಂದು ದಾರಿಯಾಯಿತೆಂದುಕೊಂಡು ಗುರುಲಿಂಗಪ್ಪ ಹೊತ್ತು ತಪ್ಪಿಸದೆ ನೀರು ಚಿಮುಕಿಸಿದ.

ನಾಲ್ಕನೆಯ ದಿನ ಗಂಟು ಬಿಚ್ಚಿದರೆ ಬಿತ್ತನೆಯ ಕಾಳು ಬೆಳ್ಳಗೆ ಮೊಳಕೆ ಒಡೆದಿತ್ತು. ಹಗೇವದ ಕಾಳು ಊದಿ, ಹುಳಿ ವಾಸನೆ ಹೊಡೆಯುತ್ತಿತ್ತು. ತಾನೇ ಎಲ್ಲೋ ನೀರು ಹೆಚ್ಚುಕಡಿಮೆ ಮಾಡಿದೆನೆಂದು ಅವನು ಅಳುಕಿದ. ಸಾವಂತ್ರವ್ವ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಹಗೇವದ ಕಾವಿಗೆ ಕಾಳಿನ ಮೊಳೆಯುವ ಜೀವ ಸಾಯುತ್ತದೆ. ಅದನ್ನು ಉಣ್ಣಬಹುದು, ಬಿತ್ತಲಾಗದು. ಅಂಬೆಗಾಲಿನ ಕೂಸು ಬಿಟ್ಟರೆ ನಮ್ಮೂರಲ್ಲಿ ಇದು ತಿಳಿಯದವನು ಅವನೊಬ್ಬನೇ.

ಪೂಜ್ಯರು ಮೆಲ್ಲಗೆ ಹೇಳಿದರು: “ಹಗೇವದಾಗ ಉಳದದ್ದು ಬೆಳಿಯೂದಿಲ್ಲ. ಹೊಲದಾಗ ಹಾಕಿದ್ದು ಉಳದೀತು ಅಂತ ಮಾತು ಕೊಡಾಕ ಬರೂದಿಲ್ಲ. ಮನಿಗೆ ಎರಡೂ ಬೇಕು. ಆದರ ಒಂದ ಕಾಳಿಗೆ ಎರಡೂ ಕೇಳಬಾರದು. ಗುರುಲಿಂಗಾ, ನಿನ್ನ ತಂಗಿ ಕಾಳು ಬಿತ್ತಾಕ ಇಟ್ಟಿದ್ದೇನು, ಉಣ್ಣಾಕ ಇಟ್ಟಿದ್ದೇನು?”

ಕಲ್ಲಿಗೂ ಅರ್ಥವಾಗುವಂಥ ಮಾತು, ಗುರುಲಿಂಗಪ್ಪನಿಗೂ ಆಯಿತು. ಮರುದಿನವೇ ತಂಗಿಯ ಹಣ ಬಿಡಿಸಬೇಕೆಂದು ಎದ್ದು ಬಸ್ಸಿಗಾಗಿ ಊರಬಾಗಿಲಾದ ಅಗಸಿಯ ಮುಂದೆ ಬಂದು ನಿಂತ. ನಿಂತಲ್ಲೇ ಬೆರಳು ಮಡಚಿದ. ತಿಂಗಳು ತುಂಬಲು ಇನ್ನು ಹನ್ನೆರಡೇ ದಿನ. ಈಗ ಬಿಡಿಸಿದರೆ ಆ ತಿಂಗಳ ಸಾವಿರದೆಂಟುನೂರು ಮುಳುಗುತ್ತದೆ. ಇಷ್ಟು ದಿನ ಇದ್ದದ್ದು ಹನ್ನೆರಡು ದಿನಕ್ಕೆ ಎಲ್ಲಿಗೆ ಓಡೀತು? ಬಸ್ಸು ಬಂತು, ನಿಂತಿತು, ಹೋಯಿತು. ಅವನು ಹತ್ತಲಿಲ್ಲ.

ಹದಿಮೂರನೆಯ ದಿನ ಹೋದಾಗ ಕಂಪನಿಯ ಬಾಗಿಲಿಗೆ ಕೈಯಗಲದ ಬೀಗ. ಹೊರಗೆ ಇವನಂಥವರೇ ನೂರಾರು ಮಂದಿ ಮೆಟ್ಟಿಲ ಮೇಲೆ ಕುಳಿತಿದ್ದರು.

ಇದನ್ನು ತಂಗಿಗೆ ಹೇಳುವ ಎದೆ ಅವನಿಗಾಗಲಿಲ್ಲ. ತಿಂಗಳು ತಿಂಗಳೂ ತನ್ನ ಪೆನ್ಶನ್ನಿನಿಂದ ತೆಗೆದು, ಬಡ್ಡಿ ಬಂತು ನೀಲವ್ವಾ ಎಂದು ಅವಳ ಕೈಗಿಡುತ್ತಿದ್ದ. ಅಣ್ಣನ ಪುಣ್ಯ ಎಂದು ಅವಳು ಓಣಿಯಲ್ಲೆಲ್ಲ ಹೊಗಳಿಕೊಂಡು ಬರುತ್ತಿದ್ದಳು. ಆ ಹೊಗಳಿಕೆ ಅವನಿಗೆ ಕೆಂಡವಾಗಿತ್ತು. ಮಠದ ಮುಂದಿನ ದಾರಿ ಬಿಟ್ಟು ಹಿತ್ತಲ ಸುತ್ತಿ ಓಡಾಡಿದ. ಹೀಗೇ ಎಂಟು ತಿಂಗಳು ಸಂದವು.

ಕೊನೆಗೊಂದು ಮುಂಜಾವು ಮಠದ ಅಂಗಳದಲ್ಲಿ ಬಂದು ಬಿದ್ದ. ಕಸ ಗುಡಿಸುತ್ತಿದ್ದ ಪೂಜ್ಯರ ಪಾದ ಹಿಡಿದು ಎಲ್ಲವನ್ನೂ ಹೇಳಿದ, ಆ ಹನ್ನೆರಡು ದಿನದ ಲೆಕ್ಕವನ್ನೂ ಬಿಡದೆ. ಬೈಯಲಿ ಎಂದೇ ಬಂದಿದ್ದ. ಪೂಜ್ಯರು ಬೈಯಲಿಲ್ಲ. ಕಸಬರಿಗೆ ಕೆಳಗಿಟ್ಟು ಅವನ ಪಕ್ಕದಲ್ಲೇ ನೆಲಕ್ಕೆ ಕುಳಿತರು. ಅವರ ಕಣ್ಣಲ್ಲೂ ನೀರಿತ್ತು.

“ಅವತ್ತು ನಿನ್ನ ಕೂಡ ಬಸ್ಸಿನ ತನಕಾ ಬರಬೇಕಾಗಿತ್ತು ನಾನು. ಮಾತು ಹೇಳಿ ಕೈ ತೊಳಕೊಂಡೆ. ಅದು ನನ್ನ ತಪ್ಪು,” ಎಂದರು. ಆಮೇಲೆ, “ನನ್ನ ಕಾಲು ಬಿಡು. ಹೇಳಬೇಕಾದದ್ದು ಆಕಿಗೆ,” ಎಂದರು.

ಈ ಸಲ ಪೂಜ್ಯರು ಮಾತು ಹೇಳಿ ನಿಲ್ಲಲಿಲ್ಲ. ನೀಲವ್ವನ ಬಾಗಿಲ ತನಕ ಅವನ ಜೊತೆಗೇ ನಡೆದು, ಹೊರಗಿನ ಕಟ್ಟೆಯ ಮೇಲೆ ಕುಳಿತರು. ಒಳಗೆ ಅವಳು ಕೌದಿ ಹೊಲಿಯುತ್ತಿದ್ದಳು. ಅವನು ಹೇಳಿ ಮುಗಿಸುವ ತನಕ ಸೂಜಿ ನಿಂತಲ್ಲೇ ನಿಂತಿತ್ತು. ಅವಳು ಅಳಲಿಲ್ಲ, ಹಾಡಿಕೊಂಡು ಗೋಳಾಡಲೂ ಇಲ್ಲ.

“ನಾಕು ಮಂದಿ ಕೈ ನೋಡಬಾರದಂತ ಇಟ್ಟಿದ್ದೆ ಅಣ್ಣಾ,” ಎಂದಳು. “ಇಷ್ಟು ದಿನಾ ನಿನ್ನ ಕೈ ನೋಡತಿದ್ದೆ ಅನ್ನೂದನ್ನಾದರೂ ನನಗ ತಿಳಿಸಬೇಕಾಗಿತ್ತಿಲ್ಲೇನು?”

ಅದೇ ತಿಂಗಳಿಂದ ಗುರುಲಿಂಗಪ್ಪ ಬೇರೆ ಮನುಷ್ಯನಾದ. ಪೆನ್ಶನ್ ಬಂದ ದಿನ ಒಂದು ಪೈಸೆಯನ್ನೂ ಇಟ್ಟುಕೊಳ್ಳದೆ ತಂದು ತಂಗಿಯ ಉಡಿಗೆ ಹಾಕುತ್ತಿದ್ದ. ಆಮೇಲೆ ಎಲೆ ಅಡಿಕೆಗೆಂದು, ಬಸ್ಸಿನ ಚಾರ್ಜಿಗೆಂದು ಅವಳ ಮುಂದೆ ನಿಂತು ಕೇಳುತ್ತಿದ್ದ. ಭದ್ರವಾಗಿದ್ದು ಬಡ್ಡಿಯನ್ನೂ ಸುರಿಯುವಂಥದು ಏನಾದರೂ ಇದೆಯೇ ಮಾಸ್ತರ ಎಂದು ಮಂದಿ ಕೇಳಿದರೆ, ಇಲ್ಲ ಎಂದು ಹೇಳಿ ತನ್ನ ಹೆಸರು ಹಿಡಿದೇ ಈ ಕಥೆಯನ್ನು ಹೇಳುತ್ತಿದ್ದ. ಊರಲ್ಲಿ ಎಷ್ಟೋ ಮನೆ ಉಳಿದದ್ದು ಅವನ ಆ ಬಾಯಿಂದಲೇ.

ನೀಲವ್ವ ಕೇಳಿದಾಗಲೆಲ್ಲ ಕೊಟ್ಟಳು, ಒಂದು ದಿನವೂ ಇಲ್ಲವೆನ್ನಲಿಲ್ಲ. ಆದರೆ ಓಣಿಯಲ್ಲಿ ಅಣ್ಣನ ಹೊಗಳಿಕೆ ಮತ್ತೆ ಕೇಳಿಸಲಿಲ್ಲ. ಗುರುಲಿಂಗಪ್ಪ ಬದುಕಿದ್ದ ಹನ್ನೊಂದು ವರ್ಷವೂ, ಅಗಸಿಯ ಮುಂದೆ ಬಸ್ಸು ಬಂದು ನಿಂತ ಸದ್ದಾದರೆ ಸಾಕು, ಯಾರ ಜೊತೆ ಮಾತಿನಲ್ಲಿದ್ದರೂ ಎದ್ದು ನಿಂತುಬಿಡುತ್ತಿದ್ದ.