ಶತಾವರಿಯ ಬುಡ

ಮರಳುಮಣ್ಣಿನ ಇಳಿಜಾರಿನಲ್ಲಿ ಒಂದು ಶತಾವರಿ ಬೆಳೆದಿತ್ತು. ಮುಳ್ಳುಹಂದಿಯೊಂದು ವರ್ಷಕ್ಕೊಮ್ಮೆ ಬಂದು, ಸುತ್ತಲಿನ ಬೇರುಗಡ್ಡೆಗಳನ್ನಷ್ಟೇ ತಿಂದು, ಮೊಳಕೆಯಿರುವ ಬುಡಕ್ಕೆ ಮಣ್ಣು ಎಳೆದು ಹೋಗುತ್ತಿತ್ತು. ಮಳೆ ಬಿದ್ದೊಡನೆ ಬಳ್ಳಿ ಮತ್ತೆ ಚಿಗುರುತ್ತಿತ್ತು.

ಈ ವರ್ಷ ಕಾಡುಹಂದಿ ಮೊದಲು ಬಂದು ಬುಡಕ್ಕೇ ಮೂತಿ ಹಾಕಿತು.

“ಅಣ್ಣಾ, ಬುಡವೊಂದನ್ನು ಬಿಡು. ಅದಿದ್ದರೆ ಮುಂದಿನ ವರ್ಷವೂ ಗಡ್ಡೆ ಕೊಡುತ್ತೇನೆ,” ಎಂದಿತು ಶತಾವರಿ.

“ಮುಂದಿನ ವರ್ಷ ತಿನ್ನುವವರು ಯಾರೋ!” ಎಂದು ಕಾಡುಹಂದಿ ಅಗೆಯತೊಡಗಿತು.

ಅಷ್ಟರಲ್ಲಿ ಮುಳ್ಳುಹಂದಿ ಬಂತು. ಶತಾವರಿಗೆ ಹೋದ ಜೀವ ಬಂದಂತಾಯಿತು. “ಮಾವಾ, ಇವನಿಗೆ ನೀನಾದರೂ ಹೇಳು. ಏಳು ವರ್ಷ ನನ್ನನ್ನು ಉಳಿಸಿದವನು ನೀನು.”

ಮುಳ್ಳುಹಂದಿ ಕಾಡುಹಂದಿಯ ಕೋರೆಹಲ್ಲು ನೋಡಿತು, ಗುಂಡಿ ನೋಡಿತು. “ಉಳಿಸಿದ್ದು ಇವನ ಹೊಟ್ಟೆಗಲ್ಲ,” ಎಂದು ನುಗ್ಗಿ, ಬುಡವನ್ನು ತಾನೇ ಕಚ್ಚಿ ಕಿತ್ತಿತು.

ಅದು ಬರೀ ನಾರು. ಮುಳ್ಳುಹಂದಿ ಅಗಿದು ಉಗುಳಿತು.