ಸಿಮೆಟರಿಯಲ್ಲಿ ಸೈಕಲ್

ಶಾಲೆಯ ಬಿಸಿಯೂಟದ ಅಡುಗೆಯವಳು ದಿನಾ ಇಗರ್ಜಿಯ ಸಿಮೆಟರಿಯ, ಅಂದರೆ ಚರ್ಚಿನ ಸ್ಮಶಾನದ, ನಡುವಿನ ದಾರಿಯಲ್ಲೇ ಸೈಕಲ್ ತುಳಿಯುತ್ತಿದ್ದಳು. ಸುತ್ತಿ ಹೋದರೆ ಹೆದ್ದಾರಿ. ಅಲ್ಲಿ ಒಮ್ಮೆ ಲಾರಿಯೊಂದು ಅವಳನ್ನು ಚರಂಡಿಗೆ ಉರುಳಿಸಿತ್ತು.

ಒಂದು ಬೆಳಿಗ್ಗೆ ಸಿಮೆಟರಿ ಸಮಿತಿಯ ಅಧ್ಯಕ್ಷ ಗ್ಯಾಸ್ಪರ್ ರೇಗೊ, ಪೂಜೆ ಮುಗಿಸಿ ಬಂದ ಜನರ ಎದುರಿಗೇ ಅವಳನ್ನು ತಡೆದರು.

"ಸತ್ತವರ ಮುಂದೆ ಸವಾರಿಯಾ? ಮರ್ಯಾದೆ ಬೇಡವಾ? ಈ ದಾರಿ ಬೇಕಾದರೆ ಇನ್ನು ಸೈಕಲ್ ತಳ್ಳಿಕೊಂಡು ಬಾ. ಹೆಸರು ಕೆತ್ತಿದ ಒಂದೊಂದು ಕಲ್ಲಿನ ಮುಂದೆಯೂ ಮೊಣಕಾಲೂರಿ ಪ್ರಾರ್ಥಿಸು. ಒಂದನ್ನೂ ಬಿಡುವಂತಿಲ್ಲ!"

"ಆಗಲಿ ಧನಿಗಳೇ," ಎಂದಳು ಅವಳು.

ಮರುದಿನ ಬೇಗನೆ ಬಂದು ಕಲ್ಲಿನಿಂದ ಕಲ್ಲಿಗೆ ಮೊಣಕಾಲೂರುತ್ತಾ ಹೊರಟಳು. ಕೊನೆಗೆ ಸಿಕ್ಕಿದ್ದು ಅಮೃತಶಿಲೆಯ ಹೊಸ ಸಮಾಧಿ. ರೇಗೊ ಅದನ್ನು ತಮಗಾಗಿ ಮೊದಲೇ ಕಟ್ಟಿಸಿಟ್ಟಿದ್ದರು. ಹೆಸರು, ಹುಟ್ಟಿದ ದಿನ ಕೆತ್ತಿತ್ತು. ಸತ್ತ ದಿನದ ಜಾಗ ಮಾತ್ರ ಖಾಲಿ.

"ದೇವರೇ, ಗ್ಯಾಸ್ಪರ್ ರೇಗೊ ಅವರ ಆತ್ಮಕ್ಕೆ ನಿತ್ಯ ಶಾಂತಿ ಕೊಡು!" ಇಗರ್ಜಿಯ ಒಳಗೆಲ್ಲ ಕೇಳುವಂತೆ ಪ್ರಾರ್ಥಿಸಿದಳು.

ಪೂಜೆಗೆ ಬಂದವರು ಶಿಲುಬೆಯ ಗುರುತು ಮಾಡಿಕೊಂಡರು. ದಿನಾ ಇದೇ ಪ್ರಾರ್ಥನೆ ನಡೆಯಿತು. ಮೂರನೆಯ ದಿನ ಯಾರೋ ರೇಗೊ ಅವರ ಮನೆಗೆ ಹೂವಿನ ಹಾರ ಕಳುಹಿಸಿದರು. ಬಾಗಿಲಲ್ಲಿ ಅದನ್ನು ತೆಗೆದುಕೊಂಡವರು ಸ್ವತಃ ರೇಗೊ.

ಅವರು ಹಾರ ಹಿಡಿದೇ ಸಿಮೆಟರಿಗೆ ಓಡಿಬಂದರು.

"ಎಂತ ಮಾರಾಯ್ತಿ ಇದು? ನಾನು ಬದುಕಿದ್ದೇನೆ!"

"ಒಂದು ಕಲ್ಲನ್ನೂ ಬಿಡಬಾರದೆಂದು ತಾವೇ ಹೇಳಿದ್ದಲ್ಲವಾ?"

"ಸಾಕು, ಏಳು! ಸೈಕಲ್ ಹತ್ತಿ ಹೋಗು!"

"ನಾಳೆಯೂ ಹತ್ತಬಹುದಾ?"

"ದಿನಾ ಹತ್ತು!"

ಅವಳು ಏಳಲಿಲ್ಲ. "ಸ್ವಲ್ಪ ತಡೆಯಿರಿ ಧನಿಗಳೇ. ನಿಮ್ಮದು ಇನ್ನೂ ಅರ್ಧ ಬಾಕಿ ಇದೆ," ಎಂದು ಕಣ್ಣು ಮುಚ್ಚಿದಳು.