ಬೀಜಕ್ಕೆ ಬಿಟ್ಟ ಸೋರೆಕಾಯಿ

ಪೂಜ್ಯ ಶ್ರೀ ಅಡವಯ್ಯ ಅಜ್ಜನವರು ಕೋಡಿಮಲ್ಲಾಪುರದಲ್ಲಿ ನೆಲೆಸಿದ್ದ ಕಾಲಕ್ಕೆ ಅವರಿಗೆ ಮಠವೆಂಬುದೇನೂ ಇರಲಿಲ್ಲ. ಊರ ಬಾವಿಯ ಮಗ್ಗುಲಲ್ಲಿ ಮಣ್ಣಿನ ಮಾಳಿಗೆಯ ಒಂದು ಕೋಣೆ, ಮುಂದೊಂದು ಕಟ್ಟೆ, ಕಟ್ಟೆಯ ಮೇಲೆ ಬೇವಿನ ನೆರಳು. ಒಳಗೆ ಒಂದು ಕಂಬಳಿ, ಒಂದು ಜೋಳಿಗೆ, ಗೂಟಕ್ಕೆ ತೂಗುಹಾಕಿದ ಒಂದು ಸೋರೆಬುರುಡೆ. ನೀರು ಕುಡಿಯುವುದು ಆ ಬುರುಡೆಯಲ್ಲೇ. ಭಕ್ತರು ಆಗಾಗ ತಾಮ್ರದ ತಂಬಿಗೆ ತಂದಿಟ್ಟು ಹೋಗುತ್ತಿದ್ದರು. ಮುಂದಿನ ಮದುವೆಯ ಹಂಗಾಮಿನಲ್ಲಿ ಅದು ಯಾರೋ ಬಡವರ ಮಗಳ ಹೊಸ ಸಂಸಾರದಲ್ಲಿ ಕಾಣುತ್ತಿತ್ತು. ಅಜ್ಜನವರ ಕೈಗೆ ಬಂದ ವಸ್ತು ಅಲ್ಲಿ ಬಹಳ ದಿನ ನಿಲ್ಲುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು.

ಮುಂಜಾನೆ ಪೂಜೆ ಮುಗಿಸಿ ಅವರು ಭಿಕ್ಷೆಗೆ ಹೊರಡುತ್ತಿದ್ದರು. ಬಾಗಿಲ ಮುಂದೆ ನಿಂತು ಒಮ್ಮೆ 'ಶರಣಾರ್ಥಿ' ಅನ್ನುವುದು, ಕೊಟ್ಟದ್ದನ್ನು ಹಾಕಿಸಿಕೊಳ್ಳುವುದು, ಕೊಡದಿದ್ದರೆ ಮುಂದಿನ ಮನೆಗೆ ನಡೆಯುವುದು. ರೊಟ್ಟಿಗಳೆಲ್ಲ ಜೋಳಿಗೆಗೆ, ಮನೆಮನೆಯ ಪಲ್ಯವೆಲ್ಲ ಒಂದೇ ಪಾತ್ರೆಗೆ. ಎಲ್ಲವನ್ನೂ ಕಲಸಿ ದಿನಕ್ಕೆ ಒಂದು ಹೊತ್ತು ಪ್ರಸಾದವೆಂದು ಉಣ್ಣುತ್ತಿದ್ದರು. ಅಜ್ಜನವರ ಪಾತ್ರೆ ನೋಡಿದರೆ ಪಂಚಾಂಗ ತೆರೆಯುವ ಕೆಲಸವಿರಲಿಲ್ಲ ಎಂದು ನಮ್ಮ ಹಿರಿಯರು ನಗುತ್ತಿದ್ದರು. ಮೊದಲ ಮಳೆಗೆ ಹತ್ತರಕಿ, ರಾಜಗಿರಿ ಸೊಪ್ಪು. ಶ್ರಾವಣಕ್ಕೆ ಹೀರೆ, ಚವಳಿಕಾಯಿ, ಸೋರೆ. ಚಳಿ ಬಿದ್ದಾಗ ಮೆಂತ್ಯ, ಮೂಲಂಗಿ, ಎಳೆಯ ಕಡಲೆಸೊಪ್ಪು. ಬೇಸಿಗೆಯಲ್ಲಿ ಪುಂಡಿಪಲ್ಯ, ಒಣಗಿಸಿಟ್ಟ ಸಂಡಿಗೆ. ಊರಿನ ಹಿತ್ತಲುಗಳಲ್ಲಿ ಏನು ಬೆಳೆಯುತ್ತಿತ್ತೋ ಅದು ಅಲ್ಲಿ ಇರುತ್ತಿತ್ತು.

ಆ ಊರಿನಲ್ಲಿ ಹಿತ್ತಲೆಂದರೆ ಮೇಲಿನ ಓಣಿಯ ಕಾಶವ್ವನದು. ಗಂಡ ತೀರಿಕೊಂಡ ಮೇಲೆ ಮಗ ಉಳವಪ್ಪ ಹೊಲ ನೋಡಿಕೊಂಡರೆ, ಕಾಶವ್ವ ಹಿತ್ತಲು ನೋಡಿಕೊಂಡಳು. ಮುಸುರೆ ನೀರು ಒಂದು ಹನಿ ಪೋಲಾಗದಂತೆ ಬದನೆಯ ಬುಡಕ್ಕೆ ಹೋಗುತ್ತಿತ್ತು, ಒಲೆಯ ಬೂದಿ ಹೀರೆಯ ಎಲೆಗೆ. ಆಕೆಯ ಹಿತ್ತಲಲ್ಲಿ ಎಲ್ಲಕ್ಕಿಂತ ಮಿಗಿಲಾದದ್ದು ಸೋರೆಬಳ್ಳಿ. ಬುಡದಲ್ಲಿ ಗುಂಡಗೆ, ಕತ್ತು ಒಂದು ಕಡೆ ಬಾಗಿ, ತೊಟ್ಟಿನ ಸುತ್ತ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಇರುವ ಕಾಯಿ. ಬೇಯಿಸಿದರೆ ಬೆಣ್ಣೆ. ಮದುವೆಯಾಗಿ ಬರುವಾಗ ತಾಯಿ ಉಡಿಯಲ್ಲಿ ಅಕ್ಕಿಯ ಜೊತೆ ಈ ಬೀಜವನ್ನೂ ತುಂಬಿ ಕಳಿಸಿದ್ದಳು. ತಾಯಿ ಹೋದಳು, ತವರಿನ ಹಿತ್ತಲಲ್ಲಿ ಈಗ ಅಣ್ಣನ ದನದ ಕೊಟ್ಟಿಗೆ. ಬೀಜ ಮಾತ್ರ ಕಾಶವ್ವನ ಕೈಯಲ್ಲಿ ಉಳಿದಿತ್ತು. ಪ್ರತಿ ವರ್ಷ ಬಳ್ಳಿಯ ಮೊದಲ ಕಾಯಿಯನ್ನು ಬೀಜಕ್ಕೆಂದು ಬಿಡುವುದು ಆಕೆಯ ಪದ್ಧತಿ. ಅದನ್ನು ಮುಟ್ಟುವಂತಿಲ್ಲ.

ಹೊರಗೆ ಬೀಜ ಕೊಡುವುದೂ ಇರಲಿಲ್ಲ. ಪಲ್ಯ ಕೇಳಿದರೆ ಬಟ್ಟಲು ತುಂಬಿ ಕೊಟ್ಟಾಳು, ಕಾಯಿ ಕೇಳಿದರೆ ಎಳೆಯದೊಂದನ್ನು ಕೊಟ್ಟಾಳು, ಬೀಜ ಕೇಳಿದರೆ ಆ ದಿನ ಬೀಜವಿಲ್ಲ. ಮನೆಯ ಬೀಜ ಹೊರಗೆ ಹೋದರೆ ಮನೆಯ ಹುಲುಸೂ ಹೋಗುತ್ತದೆಂದು ಆಕೆಯ ನಂಬಿಕೆ. ಕೆಳಗಿನ ಓಣಿಯ ಫಕೀರವ್ವ ಒಮ್ಮೆ ಕೇಳಲು ಬಂದು ಬರಿಗೈಲಿ ಹೋಗಿದ್ದಳು. ಇದನ್ನು ಜಿಪುಣತನ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ತಾಯಿಯ ಕೈಯಿಂದ ಬಂದದ್ದು ಅದೊಂದೇ ಆದಾಗ ಮನುಷ್ಯರು ಮುಷ್ಟಿ ಬಿಗಿ ಹಿಡಿಯುತ್ತಾರೆ.

ಪ್ರಸಂಗ ನಡೆದ ವರ್ಷ ಆ ಹಿತ್ತಲಿಗೆ ಗ್ರಹಚಾರ ಕೆಟ್ಟಿತ್ತು. ಗಡಿಗೆಯಲ್ಲಿದ್ದ ಬೀಜಕ್ಕೆ ಹುಳ ಬಿದ್ದು, ಉಳಿದಷ್ಟನ್ನೆಲ್ಲ ಕಾಶವ್ವ ರೋಹಿಣಿ ಮಳೆಗೆ ಊರಿದಳು. ಆಷಾಢದಲ್ಲಿ ಫಕೀರವ್ವನ ಎಮ್ಮೆ ಹಗ್ಗ ಹರಿದುಕೊಂಡು ಬಂದು ಬೇಲಿ ಮುರಿದು ಎಳೆಯ ಬಳ್ಳಿಗಳನ್ನು ತುಳಿದು ಹಾಕಿತು. ಜಗಳ ಊರಿಗೆ ಕೇಳಿಸಿತು, ಮಾತು ನಿಂತಿತು. ಕೊಟ್ಟಿಗೆಯ ಮಾಡು ಹತ್ತಿದ್ದ ಒಂದೇ ಬಳ್ಳಿ ಉಳಿಯಿತು. ಅದಕ್ಕೂ ಬೂದಿರೋಗ ಹತ್ತಿ, ಎಲೆ ಮುದುಡುವ ಮುಂಚೆ ಒಂದೇ ಒಂದು ಕಾಯಿ ಕಚ್ಚಿತು. ಕಾಶವ್ವ ದಿನಾ ಎದ್ದು ದೇವರಿಗೆ ಕೈ ಮುಗಿದ ಮೇಲೆ ಆ ಕಾಯಿಯನ್ನು ನೋಡಿ ಬರುತ್ತಿದ್ದಳು.

ಅದೇ ವರ್ಷ ಉಳವಪ್ಪನ ಹೆಂಡತಿ ಪಾರವ್ವ ಮನೆಗೆ ಬಂದಿದ್ದಳು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೆತ್ತಗೆ. ಶ್ರಾವಣದ ಸೋಮವಾರ ಅಜ್ಜನವರನ್ನು ಪ್ರಸಾದಕ್ಕೆ ಕರೆಯುವುದು ಆ ಮನೆಯ ನಡಾವಳಿ. ಆ ಸಲ ಸರಿಯಾಗಿ ಅದೇ ದಿನ ಅಣ್ಣನ ಮೊಮ್ಮಗನ ಕೂದಲು ತೆಗೆಸುವ ಜವಳ ಬಂದು ಕಾಶವ್ವ ತವರೂರಿಗೆ ಹೋಗಬೇಕಾಯಿತು. ಹೊರಡುವ ಗಡಿಬಿಡಿಯಲ್ಲಿ ಆ ಕಾಯಿಯ ಮಾತು ಹೇಳಲು ಮರೆತಳು. ಉಳವಪ್ಪ ಹೊಲದಲ್ಲಿದ್ದ, ಅಡುಗೆ ಸೊಸೆಯ ಪಾಲಿಗೆ ಬಿತ್ತು. ಪಾರವ್ವ ತನ್ನ ತವರಿನಲ್ಲಿ ಕಂಡದ್ದು ಬೇರೆ ಪದ್ಧತಿ: ಬಳ್ಳಿಯ ಮೊದಲ ಕಾಯಿ ಗುರುವಿಗೆ. ಗುರು ಉಂಡ ಮೇಲೆಯೇ ಮನೆಯವರು ಆ ಬಳ್ಳಿಯದನ್ನು ಬಾಯಿಗೆ ಇಡುವುದು. ಅತ್ತೆ ಆ ಒಂದು ಕಾಯಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದನ್ನು ಆಕೆ ನೋಡಿದ್ದಳು. ಅಜ್ಜನವರಿಗಾಗಿಯೇ ಕಾಯುತ್ತಿದ್ದಾಳೆಂದು ಆಕೆಗೆ ಅನುಮಾನವೇ ಇರಲಿಲ್ಲ. ಏಣಿ ಹಾಕಿ ಹತ್ತಿ, ಕೈ ಮುಗಿದು, ಕಾಯಿ ಕೊಯ್ದಳು. ಅರ್ಧಕ್ಕೆ ಕಡಲೆಬೇಳೆ ಹಾಕಿ ಪಲ್ಯ, ಅರ್ಧವನ್ನು ತುರಿದು ಹಾಲು ಬೆಲ್ಲದ ಪಾಯಸ. ಎಂದೂ ಎರಡನೆಯ ಸಲ ಏನನ್ನೂ ಕೇಳದ ಅಜ್ಜನವರು ಆ ದಿನ ಪಾಯಸವನ್ನು ಕೇಳಿ ಹಾಕಿಸಿಕೊಂಡರು. ಪಾರವ್ವನ ಸಂತೋಷಕ್ಕೆ ಪಾರವಿರಲಿಲ್ಲ.

ಮರುದಿನ ಕಾಶವ್ವ ಬಂದವಳು ಚೀಲ ಇಳಿಸುವ ಮೊದಲೇ ಕೊಟ್ಟಿಗೆಯ ಕಡೆ ನೋಡಿದಳು. ಆಮೇಲೆ ತಿಪ್ಪೆಗೆ ಹೋಗಿ ಸಿಪ್ಪೆಯನ್ನು ಕೆದಕಿದಳು. ಬೀಜ ಸಿಕ್ಕವು. ಎಳೆಯವು, ಬೆಳ್ಳಗಿನವು, ಉಗುರು ಒತ್ತಿದರೆ ನೀರಾಗುವಂಥವು.

ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ತನ್ನ ರೊಟ್ಟಿ ತಾನೇ ಬಡಿದುಕೊಂಡಳು. ಸೊಸೆಯ ಕೈಯ ನೀರನ್ನೂ ಮುಟ್ಟಲಿಲ್ಲ. ಶ್ರಾವಣ ಮುಗಿಯುತ್ತಲೇ ಇವಳನ್ನು ತವರಿಗೆ ಬಿಟ್ಟು ಬಾ, ಕರೆಯಲು ಹೋಗುವುದು ಬೇಡ ಎಂದು ಮಗನಿಗೆ ಹೇಳಿದಳು. ತನ್ನ ತಪ್ಪು ಅರಿತ ಪಾರವ್ವ ಕಾಲಿಗೆ ಬಿದ್ದು ಅತ್ತಳು. ಅತ್ತೆ ಕಾಲು ಹಿಂದಕ್ಕೆ ತೆಗೆದುಕೊಂಡಳು. ಉಳವಪ್ಪ ಇಬ್ಬರ ನಡುವೆ ನಿಲ್ಲಲಾರದೆ ಹೊಲದಲ್ಲಿ ಇಲ್ಲದ ಕೆಲಸ ಹುಡುಕಿಕೊಂಡ. ಹೀಗೆ ಶ್ರಾವಣ ಕೊನೆಗೆ ಬಂತು, ಪಾರವ್ವ ತನ್ನ ಸೀರೆಗಳನ್ನು ಗಂಟು ಕಟ್ಟಿಟ್ಟಳು.

ಅಂಥ ಒಂದು ದಿನ ಇಳಿಹೊತ್ತಿನಲ್ಲಿ ಕಾಶವ್ವ ಅಜ್ಜನವರ ಕಟ್ಟೆಗೆ ಬಂದಳು. ನಮಸ್ಕಾರ ಮಾಡಲಿಲ್ಲ.

"ನನ್ನ ಬೀಜದ ಕಾಯಿ ಉಂಡ್ರಿ ನೀವು, ಅಜ್ಜಾರ," ಅಂದಳು. "ಗುರು ಅಂದ್ರ ಎಲ್ಲಾ ತಿಳದಾವ್ರು ಅಂತಾರ. ಎಲಿ ಮ್ಯಾಲಿನ ಕಾಯಿ ಯಾವದು ಅಂತ ನಿಮಗ ತಿಳೀಲಿಲ್ಲ. ನಮ್ಮವ್ವಂದು ಅಂತ ಅದೊಂದ ಉಳದಿತ್ತು."

ಕಟ್ಟೆಯ ಮೇಲೆ ಕುಳಿತಿದ್ದವರು ಹೌಹಾರಿದರು. ಗುರುವಿಗೆ ಹೀಗೆ ಅಂದವರನ್ನು ಅವರು ಕಂಡಿರಲಿಲ್ಲ. ಅಜ್ಜನವರು ಮಾತ್ರ ಕೈ ಮುಗಿದರು.

"ಹೌದ ತಂಗಿ, ಉಂಡೀನಿ. ಎರಡ ಸಲ ಹಾಕಿಸ್ಕೊಂಡ ಉಂಡೀನಿ. ತಪ್ಪು ನಂದು, ಆ ಕೂಸಿಂದಲ್ಲ."

ಜಗಳಕ್ಕೆಂದೇ ಬಂದಿದ್ದ ಕಾಶವ್ವ ಈ ಮಾತು ಕೇಳಿ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಅತ್ತಳು. ಅಜ್ಜನವರು ಆಕೆಯ ಅಳು ಇಳಿದ ಬಳಿಕ ಬುರುಡೆಯಿಂದ ನೀರು ಬಗ್ಗಿಸಿ ಕುಡಿಸಿ, ಗೂಟದಲ್ಲಿದ್ದ ಜೋಳಿಗೆಯನ್ನು ತೆಗೆದು ಆಕೆಯ ಮುಂದೆ ಇಟ್ಟರು.

"ನಾಳೆ ಭಿಕ್ಷಾಕ ನೀ ಹೋಗು. ಸೊಸಿ ಕೈಯಾಗ ಪಾತ್ರಿ ಕೊಡು. ಕೆಳಗಿನ ಓಣಿಗೆ ಅಷ್ಟ ಹೋಗು."

ಮೇಲಿನ ಓಣಿಯ ಹೆಂಗಸು, ಕೊಟ್ಟು ಗೊತ್ತಿದ್ದವಳು, ಮಾತು ಬಿಟ್ಟ ಓಣಿಯಲ್ಲಿ ಬೇಡುವುದು. ಆದರೆ ತಪ್ಪು ಒಪ್ಪಿಕೊಂಡ ಗುರುವಿನ ಮಾತನ್ನು ತೆಗೆದುಹಾಕುವುದು ಹೇಗೆ? ಮರುದಿನ ಊರು ಕಣ್ಣು ಬಿಟ್ಟು ನೋಡಿತು. ಮುಂದೆ ಜೋಳಿಗೆ ಹಿಡಿದ ಕಾಶವ್ವ, ಸೆರಗು ಮೂಗಿನವರೆಗೆ ಎಳೆದುಕೊಂಡು. ಹಿಂದೆ ಪಾತ್ರೆ ಹಿಡಿದ ಪಾರವ್ವ, ಅತ್ತೆಯ ಹಿಮ್ಮಡಿ ನೋಡುತ್ತ.

ಕೆಳಗಿನ ಓಣಿಯ ಮೊದಲ ಮನೆಯೇ ಫಕೀರವ್ವನದು. ಕಾಶವ್ವ ಬಾಗಿಲಲ್ಲಿ ನಿಂತಳು. ಜೋಳಿಗೆಯ ಬಾಯಿ ಬಿಡಿಸಿ 'ಶರಣಾರ್ಥಿ' ಅಂದಳು. ಫಕೀರವ್ವ ಹೊರಗೆ ಬಂದು ನೋಡಿ ತಬ್ಬಿಬ್ಬಾದಳು. ಆದರೆ ಅಜ್ಜನವರ ಜೋಳಿಗೆಯನ್ನು ಗುರುತು ಹಿಡಿದಳು, ಏನೂ ಕೇಳದೆ ಒಳಗೆ ಹೋದಳು. ಬಿಸಿ ರೊಟ್ಟಿ ತಂದು ಜೋಳಿಗೆಗೆ ಹಾಕಿ, ಪಲ್ಯವನ್ನು ಪಾತ್ರೆಗೆ ಸುರಿದಳು. ಸೋರೆಕಾಯಿ ಪಲ್ಯ. ಅದರ ವಾಸನೆಗೆ ಕಾಶವ್ವ ತಲೆ ಎತ್ತಿದಳು. ಆಕೆ ಎಂದೂ ಕಾಲಿಡದಿದ್ದ ಆ ಓಣಿಯಲ್ಲಿ, ತೆರೆದ ಹಿತ್ತಲ ಬಾಗಿಲಿನಾಚೆ ಚಪ್ಪರದ ತುಂಬ ಬಳ್ಳಿ ಹಬ್ಬಿತ್ತು. ಗುಂಡನೆಯ ಬುಡ, ಬಾಗಿದ ಕತ್ತು, ತೊಟ್ಟಿನ ಸುತ್ತ ನುಚ್ಚಿನಂಥ ಚುಕ್ಕೆ.

"ಇದು ನಿನಗ ಎಲ್ಲಿಂದ ಬಂತು?" ಅಂದಳು. ಮಾತು ಬಿಟ್ಟದ್ದು ನೆನಪಿಗೆ ಬರಲಿಲ್ಲ.

"ನಿಮ್ಮದ ಅಲ್ಲೇನ ಯಕ್ಕಾ?" ಫಕೀರವ್ವನಿಗೇ ಆಶ್ಚರ್ಯ. "ಅವತ್ತ ನಾ ಕೇಳಾಕ ಬಂದಾಗ ಇಲ್ಲ ಅಂದ್ರಿ. ಆಮ್ಯಾಲ ಅಜ್ಜಾರ ಕೈಲೆ ಕಳಿಸಿದ್ರಿ. ಕಾಶವ್ವ ಕೊಟ್ಟಾಳ, ಆಕಿ ಹೆಸರಲೆ ಊರ್ರಿ ಅಂತ ಅಜ್ಜಾರು ಹೇಳಿದ್ರು. ಈಗ ಓಣಿ ತುಂಬ ಐತಿ. ನಾವೆಲ್ಲಾ ಇದಕ್ಕ ಕಾಶವ್ವನ ಸೋರಿ ಅಂತನ ಅಂತೀವಿ."

ಆಗ ಕಾಶವ್ವನಿಗೆ ನೆನಪಾಯಿತು. ಎಷ್ಟೋ ವರ್ಷದ ಹಿಂದೆ, ಗಂಡ ಬದುಕಿದ್ದಾಗ, ಜಂತಿಗೆ ತೂಗುಬಿಟ್ಟಿದ್ದ ಒಣಗಿದ ಸೋರೆಬುರುಡೆಗಳಲ್ಲಿ ದೊಡ್ಡದೊಂದನ್ನು ಇಳಿಸಿ, ನೀರಿನ ಪಾತ್ರೆ ಮಾಡಿಕೊಳ್ಳಿರೆಂದು ಅಜ್ಜನವರಿಗೆ ಒಪ್ಪಿಸಿದ್ದಳು. ಅಜ್ಜನವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದರು. ಒಳಗೆ ಬೀಜ ಗಲಗಲ ಅಂದಿದ್ದವು. "ಒಳಗಿಂದೂ ನನಗ ಏನ ತಂಗಿ?" ಎಂದು ಕೇಳಿದ್ದರು. ಭಕ್ತಿಯ ಭರದಲ್ಲಿದ್ದ ಕಾಶವ್ವ, ಎಲ್ಲಾ ನಿಮ್ಮದೇ ಅಂದಿದ್ದಳು. ಅಂದದ್ದನ್ನು ಅಂದೇ ಮರೆತಿದ್ದಳು. ನಿನ್ನೆ ತಾನು ನೀರು ಕುಡಿದದ್ದು ಅದೇ ಬುರುಡೆಯಲ್ಲಿ.

ಫಕೀರವ್ವ ಇನ್ನೂ ಏನೋ ಹೇಳುತ್ತಿದ್ದಳು. ಎಮ್ಮೆ ಮಾಡಿದ ಅನಾಹುತದ ದಿನವೇ ಬೀಜ ತಂದುಕೊಡಬೇಕೆಂದು ಆಕೆ ಹೊರಟಿದ್ದಳಂತೆ. ಬೈಗುಳಕ್ಕೆ ಹೆದರಿ ಅರ್ಧ ದಾರಿಯಿಂದ ಹಿಂದಿರುಗಿದ್ದಳಂತೆ. ಒಳಗೆ ಹೋಗಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಬೀಜ ತಂದಳು. ಹಳದಿಗೆ ತಿರುಗಿದ, ಬಲಿತ, ಒಣಗಿದ ಬೀಜ. ಕಾಶವ್ವ ಸೆರಗು ಒಡ್ಡಲು ಕೈ ಎತ್ತಿದಳು, ಹಾಗೆಯೇ ನಿಂತಳು. ಹಿಂದಕ್ಕೆ ತಿರುಗಿ ಪಾರವ್ವನ ಕೈಯಿಂದ ಪಾತ್ರೆಯನ್ನು ತೆಗೆದುಕೊಂಡಳು.

"ನನಗ ಬ್ಯಾಡ, ಫಕೀರವ್ವ. ಈಕಿ ಉಡಿಯಾಗ ಹಾಕು," ಅಂದಳು. "ನನಗೂ ಉಡಿಯಾಗ ಬಂದಿದ್ದು ಅದು."

ಫಕೀರವ್ವ ಮೊರದಲ್ಲಿ ಅಕ್ಕಿ ತಂದಳು, ಅಕ್ಕಿಯ ಮೇಲೆ ಬೀಜ ಇಟ್ಟು, ಕುಂಕುಮ ಹಚ್ಚಿ ಉಡಿ ತುಂಬಿದಳು. ಪಾರವ್ವ ಅಳುತ್ತಿದ್ದಳು. ಕಾಶವ್ವ ಒಂದು ಕೈಯಲ್ಲಿ ಪಾತ್ರೆ ಹಿಡಿದು, ಇನ್ನೊಂದು ಕೈಯಿಂದ ಸೊಸೆಯ ಸೆರಗಿನ ಗಂಟು ಬಿಗಿ ಮಾಡಿದಳು.

ಆ ಓಣಿಯ ಉಳಿದ ಮನೆಗಳಲ್ಲೂ ಭಿಕ್ಷೆ ನಡೆಯಿತು. ಬಹಳ ಕಡೆ ಸೋರೆಯದೇ ಪಲ್ಯ, ಒಂದು ಮನೆಯಲ್ಲಿ ಹುಳಿ, ಇನ್ನೊಂದರಲ್ಲಿ ಸಿಪ್ಪೆಯ ಚಟ್ನಿ. ಹಿಂದಿರುಗಿ ಬಂದಾಗ ಅಜ್ಜನವರು ಜೋಳಿಗೆಯನ್ನು ತೆಗೆದುಕೊಳ್ಳಲಿಲ್ಲ. ಪಾರವ್ವನನ್ನು ಕರೆದು, ಮೊದಲು ನಿಮ್ಮ ಅತ್ತೆಗೆ ನೀಡವ್ವಾ ಎಂದರು. ಆಕೆ ನೀಡಿದ ತುತ್ತನ್ನು ಕಾಶವ್ವ ಕಣ್ಣಿಗೆ ಒತ್ತಿಕೊಂಡು ಉಂಡಳು. ನಿನ್ನೆ ಬಾಗದ ತಲೆ ಅಜ್ಜನವರ ಪಾದದ ಮೇಲೆ ಇತ್ತು. ಬೀಜ ಎಲ್ಲಿದೆಯೆಂದು ನಿನ್ನೆಯೇ ಯಾಕೆ ಹೇಳಲಿಲ್ಲವೆಂದು ಆಕೆ ಕೇಳಿದಳು.

"ನಾ ಹೇಳಿದ್ರ ನಿನಗ ಬೀಜ ಅಷ್ಟ ಸಿಗ್ತಿತ್ತು, ತಂಗಿ," ಅಂದರು ಅಜ್ಜನವರು.

ಪಾರವ್ವನ ಗಂಟು ಆ ದಿನವೇ ಬಿಚ್ಚಿತು. ಹಿತ್ತಲ ಮೂರು ಕಲ್ಲುಗಳನ್ನು ಕಾಶವ್ವ ತಾನೇ ಎತ್ತಿ ಬೇಲಿಯ ಬುಡಕ್ಕೆ ಇಟ್ಟಳು. ಚಳಿಗಾಲ ಬರುವಷ್ಟರಲ್ಲಿ ಆಕೆಯ ಮೆಂತ್ಯ, ಬದನೆ, ಚವಳಿಯ ಬೀಜಗಳು ಕೇಳಿದವರ ಮನೆಗೂ ಕೇಳದವರ ಮನೆಗೂ ಹೋಗಿದ್ದವು. ಕೊಟ್ಟದ್ದು ಸಾಲದೆಂಬಂತೆ, ಹೇಗೆ ಊರಿದ್ದೀರಿ ನೋಡೋಣವೆಂದು ಓಣಿ ಓಣಿ ತಿರುಗಿ ಎಲ್ಲರ ಹಿತ್ತಲಲ್ಲೂ ಒಂದೊಂದು ತಪ್ಪು ಹುಡುಕುತ್ತಿದ್ದಳು. ಅಜ್ಜನವರ ಕೃಪೆ ಆಕೆಯ ಮುಷ್ಟಿಯನ್ನು ಬಿಡಿಸಿತ್ತು, ನಾಲಗೆ ಮಾತ್ರ ಹಾಗೆಯೇ ಇತ್ತು.

ಮುಂದಿನ ಶ್ರಾವಣಕ್ಕೆ ಕೊಟ್ಟಿಗೆಯ ಮಾಡಿನ ಮೇಲೆ ಬಳ್ಳಿ ಹಬ್ಬಿ ಮೊದಲ ಕಾಯಿ ತೂಗಿತು. ಸೋಮವಾರ ಅಜ್ಜನವರು ಬರುವವರಿದ್ದರು. ಪಾರವ್ವ ಬದನೆ ಕೊಯ್ದಳು, ಹೀರೆ ಕೊಯ್ದಳು, ಸೋರೆಬಳ್ಳಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕಾಶವ್ವ ಏಣಿಯನ್ನು ತಂದು ಮಾಡಿಗೆ ಒರಗಿಸಿದಳು.

"ಹತ್ತು. ಮೊದಲನೇದು ಅಜ್ಜಾರಿಗೆ."

"ಬೀಜಕ್ಕ, ಅತ್ತಿ?"

"ಬೀಜ ಊರಾಗ ಐತಿ," ಅಂದಳು ಕಾಶವ್ವ.

ಪಾರವ್ವ ಹತ್ತಿದಳು. ಕಾಯಿ ಕೊಯ್ದು ಇಳಿಯುವವರೆಗೂ ಅತ್ತೆ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಆ ದಿನವೂ ಪೂಜ್ಯ ಅಜ್ಜನವರು ಪಾಯಸವನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡರಂತೆ.